ಯಾವ ಇಯರ್‌ಫೋನ್ ಅನ್ನುವುದಕ್ಕಿಂತ ಮೊದಲು, ಯಾವ ಟಿಪ್?

"ಯಾವ ಇಯರ್‌ಫೋನ್ ಚೆನ್ನಾಗಿದೆ?" ಅಂತ ಯಾರಾದರೂ ಕೇಳಿದರೆ, "ನಿಮ್ಮ ಕಿವಿಗೆ ಯಾವ ಸೈಜಿನ ಟಿಪ್ ಸರಿಹೋಗುತ್ತದೆ?" ಅಂತ ನಾನು ತಿರುಗಿ ಕೇಳುತ್ತೇನೆ. ತುಂಬಾ ಜನ ಇಯರ್‌ಫೋನಿನ ತುದಿಗೆ ಮೊದಲೇ ಸಿಕ್ಕಿಸಿ ಕೊಟ್ಟ ರಬ್ಬರ್ ಟಿಪ್ಪನ್ನು ಬದಲಾಯಿಸುವುದೇ ಇಲ್ಲ. ಆಮೇಲೆ "ಬೇಸೇ ಇಲ್ಲ ಮಾರಾಯ್ರೇ" ಅಂತ ರಿವ್ಯೂ!

ಕಿವಿಯೊಳಗೆ ಕೂರುವ ಇಯರ್‌ಫೋನಿನಲ್ಲಿ ಆರಾಮ ಬೇರೆ, ಸೌಂಡ್ ಬೇರೆ ಅಲ್ಲ. ಟಿಪ್ಪಿನ ಸುತ್ತ ಚೂರು ಸಂದಿ ಉಳಿದರೂ ಮೊದಲು ಸೋರಿಹೋಗುವುದು ಬೇಸ್, ಅಂದರೆ ತಗ್ಗು ಸ್ವರದ ದಪ್ಪ ಸದ್ದು. ಬೇಸ್ ಗಿಟಾರಿನ ದಪ್ಪ ತಂತಿ ನುಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ ಕಂಪಿಸುತ್ತಾ. ಸಂದಿಯಿದ್ದರೆ ಆ ಗುಂಗು ಹೋಗಿ, ತಂತಿಗೆ ಬೆರಳು ತಾಗಿದ ಟಕ್ ಟಕ್ ಮಾತ್ರ ಉಳಿಯುತ್ತದೆ. ಹಾಡು ಹಾಕಿ, ಎರಡೂ ಕಡೆ ಮೆಲ್ಲಗೆ ಒತ್ತಿ ನೋಡಿ. ಬೇಸ್ ಒಮ್ಮೆಲೇ ಜಾಸ್ತಿಯಾಯಿತಾ? ಹಾಗಾದರೆ ಟಿಪ್ ಸರಿಯಾಗಿ ಕೂತಿಲ್ಲ. ಎರಡು ಕಿವಿಯೂ ಒಂದೇ ಅಳತೆ ಇರಬೇಕೆಂದಿಲ್ಲ. ನಾನಂತೂ ಎಡಕ್ಕೊಂದು ಬಲಕ್ಕೊಂದು ಸೈಜು ಹಾಕುತ್ತೇನೆ.

ಗಂಟೆಗಟ್ಟಲೆ ಕೇಳುವವರು ಫೋಮ್ ಟಿಪ್ ಒಮ್ಮೆ ನೋಡಬೇಕು. ಹಿಂಡಿ ಒಳಗಿಟ್ಟರೆ ನಿಧಾನಕ್ಕೆ ಉಬ್ಬಿ ಕಿವಿಯ ಆಕಾರಕ್ಕೇ ಕೂರುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರದ ಚೂಪು ಸದ್ದು, ಸ್ವಲ್ಪ ತಗ್ಗುತ್ತದೆ, ಅಷ್ಟೇ. ಹಾಡುವವರ 'ಸ', 'ಶ' ಚುಚ್ಚುತ್ತಿದ್ದರೆ ಅದು ಒಳ್ಳೆಯದೇ ಅಲ್ವಾ?

ಈಗ ಸಂಗೀತದ ವಿಷಯ. ಬೇಸ್ ಮತ್ತು ಟ್ರೆಬಲ್ ಎರಡನ್ನೂ ಎತ್ತಿ, ನಡುವಿನದ್ದನ್ನು (ಹಾಡುವವರ ದನಿ ಇರುವ ಭಾಗ) ತಗ್ಗಿಸಿದ ಇಯರ್‌ಫೋನುಗಳೇ ಜಾಸ್ತಿ. ಡ್ಯಾನ್ಸ್ ಹಾಡಿಗೆ, ಹಿಪ್‌ಹಾಪ್‌ಗೆ ಮಜಾ ಕೊಡುತ್ತವೆ, ಇಲ್ಲ ಅನ್ನುವುದಿಲ್ಲ. ಅದರಲ್ಲೇ ಒಂದು ಕಛೇರಿ ಕೇಳಿ. ಮೃದಂಗದ ಎಡಗಡೆಯ 'ಗುಂ' ಊದಿಕೊಂಡು ಹಾಡುವವರ ಮೇಲೆ ಬಂದು ಬೀಳುತ್ತದೆ. ದನಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ತಂಬೂರಿಯಂತೂ ಫ್ಯಾನಿನ ಸದ್ದಿನ ಹಾಗೆ ಬರೀ ಗುಂಯ್ ಅನ್ನುತ್ತದೆ. ಅದರ ಜೀವ ಇರುವುದು ಮೂಲ ಸ್ವರದ ಮೇಲೆ ಪದರಪದರವಾಗಿ ಏಳುವ ಉಪಸ್ವರಗಳಲ್ಲಿ. ಅವನ್ನು ಬೇಸ್ ನುಂಗಿಹಾಕುತ್ತದೆ. ರಾಕ್‌ನಲ್ಲೂ ಇದೇ ಕಥೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಯಾವುದು, ಬೇಸ್ ಗಿಟಾರ್ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲಾ ತರಹದ ಸಂಗೀತ ಕೇಳುವವರಿಗೆ ನಡುಭಾಗ ಸ್ಪಷ್ಟ ಇರುವುದನ್ನೇ ಹೇಳುತ್ತೇನೆ. ಬೇಸ್ ಬೇಕಾದಾಗ ಈಕ್ವಲೈಜರ್‌ನಲ್ಲಿ (ಬೇಸ್, ಟ್ರೆಬಲ್ ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಏರಿಸಿಕೊಳ್ಳಿ.

ಒಂದು ವಿನಾಯಿತಿ ಇದೆ. ವಾಲ್ಯೂಮ್ ಕಮ್ಮಿಯಿದ್ದಾಗ ನಮ್ಮ ಕಿವಿಗೇ ಬೇಸ್ ಕಮ್ಮಿ ಕೇಳಿಸುತ್ತದೆ. ರಾತ್ರಿ ಮೆಲ್ಲಗೆ ಕೇಳುವವರಿಗೆ ಬೇಸ್ ಸ್ವಲ್ಪ ಮುಂದಿರುವುದೇ ಹಿತ.

ವಾಕಿಂಗ್ ಹೋಗುವವರು ಕಿವಿಯನ್ನು ಪೂರ್ತಿ ಮುಚ್ಚಿಬಿಡುವಂಥದ್ದು ತಗೊಳ್ಳಬೇಡಿ. ನಿಮ್ಮ ಹೆಜ್ಜೆಯ ಧಡ್ ಧಡ್ ನಿಮಗೇ ಕೇಳಿಸುತ್ತದೆ. ಹೊರಗಿನ ಹಾರ್ನ್ ಮಾತ್ರ ಕೇಳಿಸುವುದಿಲ್ಲ.

ಹಾಂ, ಒಂದು ಕಡೆ ಸೌಂಡ್ ಕಮ್ಮಿಯಾಯಿತು ಅಂತ ಹೊಸದು ಹುಡುಕುವ ಮುಂಚೆ ಟಿಪ್ ತೆಗೆದು ಜಾಲರಿ ನೋಡಿ. ಸಾಮಾನ್ಯವಾಗಿ ಅಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿರುತ್ತದೆ. ಜಾಲರಿ ಕೆಳಮುಖ ಮಾಡಿ, ಒಣ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿದರೆ ಸಾಕು.