ಹಸುವನ್ನು ಬೈಯುವ ಮೊದಲು ಗೋದಲಿ ನೋಡಿ

ಕೊಯ್ಲು ಮುಗಿದ ಗದ್ದೆಗೆ ಬೆಂಕಿ ಇಟ್ಟಿದ್ದನ್ನು ಈಗಷ್ಟೇ ನೋಡಿ ಬಂದೆ. ಮೈಯೆಲ್ಲ ಉರಿಯುತ್ತಿದೆ. ಫೋನ್ ತೆರೆದರೆ ಯಾರೋ ಕಳಿಸಿದ ವಿಡಿಯೋ: ‘ಭೂಮಿ ಬಿಸಿಯಾಗಲು ಹಸುಗಳೇ ಕಾರಣ’. ನನ್ನ ದನದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಸುಮ್ಮನಿರಲು ಆಗಲಿಲ್ಲ.

ಹಸು ಮೀಥೇನ್ ಬಿಡುತ್ತದೆ, ನಿಜ. ಬಹುಪಾಲು ತೇಗಿನಲ್ಲೇ ಹೊರಬರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಶಾಖ ಹಿಡಿಯುವ ಅನಿಲ. ಮೇವು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಹೈಡ್ರೋಜನ್ನನ್ನು ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ತಿಂದ ಮೇವಿನ ಶಕ್ತಿಯಲ್ಲಿ ಶೇ. 2ರಿಂದ 12ರಷ್ಟು ಹೀಗೆ ಗಾಳಿಪಾಲು. ಹಾಲಾಗಬೇಕಿದ್ದದ್ದು! ಬರೀ ಒಣಹುಲ್ಲು ಹಾಕಿದಷ್ಟೂ ಈ ನಷ್ಟ ಜಾಸ್ತಿ. ಗೋದಲಿಗೆ ಏನು ಹಾಕಬೇಕೆಂದು ಹಸು ತೀರ್ಮಾನ ಮಾಡುತ್ತದೆಯೇ?

ಸುಡುವ ಆ ಒಣಹುಲ್ಲನ್ನೇ ಒಳ್ಳೆಯ ಮೇವು ಮಾಡಬಹುದು. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 3 ವಾರ ಮುಚ್ಚಿಡಬೇಕು. ತೆರೆದಾಗ ಅಮೋನಿಯಾ ಘಾಟು ಮೂಗಿಗೆ ರಪ್ಪನೆ ಹೊಡೆಯುತ್ತದೆ, ಹರಡಿ ಆರಲು ಬಿಟ್ಟರೆ ಹೋಗುತ್ತದೆ. ಹುಲ್ಲು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ದನ ಇಷ್ಟಪಟ್ಟು ತಿನ್ನುತ್ತದೆ, ಚೆನ್ನಾಗಿ ಜೀರ್ಣವೂ ಆಗುತ್ತದೆ. (ಅಳತೆ ತಪ್ಪಿದರೆ ಯೂರಿಯಾ ವಿಷ. ಕರುಗಳಿಗೆ ಕೊಡಲೇಬೇಡಿ.) ರಸ ಹಿಂಡಿ ಉಳಿದ ದ್ರಾಕ್ಷಿ ಸಿಪ್ಪೆ, ಬೀಜದಲ್ಲಿ ಒಗರಿನ ಟ್ಯಾನಿನ್ನೂ ಕೊಬ್ಬೂ ಇದೆ. ಆಸ್ಟ್ರೇಲಿಯಾದಲ್ಲಿ ಹಾಲಿನ ಹಸುಗಳಿಗೆ ತಿನ್ನಿಸಿ ನೋಡಿದಾಗ ಮೀಥೇನ್ ಸುಮಾರು ಶೇ. 20ರಷ್ಟು ಇಳಿದಿತ್ತು. ಇದನ್ನೆಲ್ಲ ‘ತ್ಯಾಜ್ಯ’ ಎಂದು ಕರೆದು ಸುಡುತ್ತೇವೆ, ಆಮೇಲೆ ಹಸುವನ್ನು ಬೈಯುತ್ತೇವೆ.

‘ಚೆನ್ನಾಗಿ ತಿಂದ ಹಸು ಒಟ್ಟು ಮೀಥೇನ್ ಇನ್ನೂ ಹೆಚ್ಚು ಬಿಡುತ್ತದಲ್ಲ’ ಎಂದು ವಾದಿಸುವವರಿದ್ದಾರೆ. ಒಂದು ಹಸುವಿನ ಮಟ್ಟಿಗೆ ಹಾಗಾಗಬಹುದು. ಲೀಟರ್ ಹಾಲಿಗೆ ಎಷ್ಟು ಎಂದು ಕೇಳಿ ಸ್ವಾಮಿ! ಅಷ್ಟೇ ಹಾಲಿಗೆ ಕಡಿಮೆ ದನ ಸಾಕಾಗುತ್ತದೆ. ಹುಲ್ಲು ಸುಟ್ಟಾಗಲೂ ಮೀಥೇನ್ ಹೊರಬರುತ್ತದೆ, ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಬೂಸ್ಟು ಹಿಡಿದ ಹಿಂಡಿ, ಹೊಟ್ಟನ್ನು ದನಕ್ಕೆ ಸುರಿಯುವವರ ಮೇಲೂ ನನಗೆ ಇಷ್ಟೇ ಸಿಟ್ಟು. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ.

ರೈತನನ್ನು ಬೈದೂ ಪ್ರಯೋಜನವಿಲ್ಲ, ಮುಂದಿನ ಬಿತ್ತನೆಗೆ ಅವನಿಗೆ ಗದ್ದೆ ಖಾಲಿಯಾಗಬೇಕು. ಒಣಹುಲ್ಲು ತೂಕಕ್ಕೆ ಹಗುರ, ಗಾತ್ರಕ್ಕೆ ರಾಶಿ, ಸಾಗಣೆಯಲ್ಲೇ ದುಡ್ಡು ಮುಗಿಯುತ್ತದೆ. ಗದ್ದೆಯಲ್ಲೇ ಒತ್ತಿ ಕಟ್ಟುವ ಯಂತ್ರ, ಮಳೆಗೆ ನೆನೆಯದಂಥ ಶೆಡ್ಡು, ಕೊಟ್ಟಿಗೆವರೆಗೆ ಗಾಡಿ ಬಾಡಿಗೆ: ಸರ್ಕಾರಗಳು ಮೊದಲು ಇಷ್ಟಕ್ಕೆ ಹಣ ಇಡಲಿ.