ಲಾಭದಲ್ಲಿ ಪಾಲೋ, ಮಾರಾಟದಲ್ಲಿ ಪಾಲೋ?

ಲಾಭವನ್ನೆಲ್ಲ ನಿರಾಶ್ರಿತರ ನೆರವಿಗೆ ಕೊಡುವ ಉಡುಪಿನ ಕಂಪನಿಯೊಂದನ್ನು ಇತ್ತೀಚೆಗೆ ಓದಿದ ಲೇಖನವೊಂದು ಬಾಯಿತುಂಬ ಹೊಗಳಿದೆ. ಕೊಡಲಿ, ಸಂತೋಷ. ಆದರೆ ಲಾಭವೆಂದರೆ ಸಂಬಳ, ಬಾಡಿಗೆ, ಜಾಹೀರಾತು ಎಲ್ಲ ಕಳೆದು ಉಳಿದ ಮೊತ್ತ. ಲೆಕ್ಕಪತ್ರದಲ್ಲಿ ಅದನ್ನು ಕರಗಿಸುವುದು ಕಷ್ಟವೇನಲ್ಲ. ಅಮೆರಿಕದ ಉಡುಪಿನ ಕಂಪನಿ ಪ್ಯಾಟಗೋನಿಯಾ 1985ರಿಂದ ಪರಿಸರಕ್ಕೆ ಮೀಸಲಿಟ್ಟದ್ದು ಮಾರಾಟದ ಶೇ. 1ರಷ್ಟನ್ನು. ಅಲ್ಲಿ ನುಣುಚಿಕೊಳ್ಳಲು ಜಾಗ ಕಡಿಮೆ. ನಮ್ಮ ಕಾಸರಗೋಡಿನಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಸಣ್ಣದಲ್ಲ: ಗೇರುತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನಲುಗಿದ ಎಣ್ಮಕಜೆಯ ಮನೆಗಳಿಗೆ ಔಷಧ ಪ್ರತಿ ತಿಂಗಳೂ ಬೇಕು, ದಾನಿಗೆ ಲಾಭವಾದ ವರ್ಷ ಮಾತ್ರವಲ್ಲ. ಇನ್ನೊಂದು ಮಾತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಾಸರಗೋಡು ಸೀರೆ ಕೊಳ್ಳುವಾಗಲೂ ನಾನು ಮೊದಲು ವಿಚಾರಿಸುವುದು ನೇಕಾರರ ಕೂಲಿಯನ್ನೇ. ಲೇಖನ ಹೊಗಳಿದ ಆ ಕಂಪನಿ ತನ್ನ ಹೊಲಿಗೆಯವರಿಗೆ ಎಷ್ಟು ಕೊಡುತ್ತದೆ? ಲೇಖಕರು ದಯವಿಟ್ಟು ಕೇಳಿ ಬರೆಯಲಿ.