ಕಂಬಳಿ ಹೊದ್ದ ಎಲೆ

ಮಾರ್ಚ್ ಕೊನೆಯ ಒಂದು ಬೆಳಗ್ಗೆ ಉತ್ತರಾಖಂಡದ ಚೋಪ್ತಾದಿಂದ ತುಂಗನಾಥನ ಗುಡಿಗೆ ಹತ್ತುವಾಗ ನನ್ನ ಮೈಮೇಲೆ ಎರಡು ಸ್ವೆಟರ್, ಒಂದು ಜಾಕೆಟ್, ತಲೆಗೆ ಮಂಕಿಕ್ಯಾಪ್. ಕೆಳಗೆ ಬುರಾನ್ಸ್ ಎಂಬ ರೊಡೊಡೆಂಡ್ರಾನ್ ಮರಗಳು ಕೆಂಪಗೆ ಅರಳಿದ್ದವು. ಮೊಬೈಲ್ ಹಿಡಿದವರೆಲ್ಲ ಅಲ್ಲೇ ನಿಂತುಬಿಟ್ಟರು. 3,000 ಮೀಟರ್ ದಾಟಿದ ಮೇಲೆ ದೊಡ್ಡ ಮರಗಳು ವಿರಳವಾದವು. ನನ್ನ ಮಂಡಿಗಳೂ ಮುಷ್ಕರ ಹೂಡಿದವು. ಏದುಸಿರು ಬಿಡುತ್ತ ಕುಳಿತದ್ದು ಒಂದು ಪೊದೆಯ ಪಕ್ಕ.

ಬುರಾನ್ಸ್‌ನ ದಾಯಾದಿ ಅದು, ರೊಡೊಡೆಂಡ್ರಾನ್ ಕ್ಯಾಂಪ್ಯಾನುಲೇಟಮ್. ಗಂಟೆಯಾಕಾರದ ತೆಳುನೇರಳೆ ಹೂ ಬಿಡಲು ಇನ್ನೂ ಕಾಲವಿತ್ತು. ಎಲೆಗಳೋ, ಸುರುಳಿ ಸುತ್ತಿಕೊಂಡು ನೆಲ ನೋಡುತ್ತ ಜೋತುಬಿದ್ದಿದ್ದವು. ಒಣಗಿಹೋಗಿದೆ ಪಾಪ ಎಂದುಕೊಂಡು ಒಂದನ್ನು ಮೆಲ್ಲಗೆ ಬಿಡಿಸಿದೆ. ಮೇಲೆ ಎಣ್ಣೆ ಸವರಿದಂಥ ದಟ್ಟ ಹಸಿರು, ಅಡಿಯಲ್ಲಿ ತುಕ್ಕಿನ ಬಣ್ಣದ ದಟ್ಟ ರೋಮ. ಸಾಕ್ಷಾತ್ ಕಂಬಳಿ!

ಎಲೆ ಉಸಿರಾಡುವ ರಂಧ್ರಗಳಿರುವುದು ಆ ಅಡಿಭಾಗದಲ್ಲೇ. ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಗುವುದಿಲ್ಲ, ಆದರೆ ಗಾಳಿ ಎಲೆಯಲ್ಲಿರುವುದನ್ನೂ ಹೀರಿಕೊಂಡು ಹೋಗುತ್ತದೆ. ಸುತ್ತ ಹಿಮ ಬಿದ್ದಿರುವಾಗಲೇ ಗಿಡಕ್ಕೆ ಬರಗಾಲ. ಜೊತೆಗೆ ಚಳಿಯಲ್ಲಿ ಎಲೆಯ ಆಹಾರ ತಯಾರಿಕೆ ನಿಧಾನವಾದಾಗ ಮೇಲಿನಿಂದ ಬೀಳುವ ಪ್ರಖರ ಬಿಸಿಲು ಪತ್ರಹರಿತ್ತನ್ನು ಕೆಡಿಸುತ್ತದೆ. ಅದಕ್ಕೇ ಈ ಕುಲದ ಹಲವು ಗಿಡಗಳು ಚಳಿ ಹೆಚ್ಚಿದಂತೆ ಎಲೆಯನ್ನು ಇಳಿಬಿಟ್ಟು, ಅಡಿಭಾಗ ಒಳಗಾಗುವಂತೆ ಸುತ್ತಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಅಜ್ಜ ಮಾಘದ ಚಳಿಗೆ ಮೊಣಕಾಲು ಎದೆಗೆ ಸೇರಿಸಿ ಮಲಗುತ್ತಿದ್ದುದೂ ಹೀಗೆಯೇ. ಅಂದಹಾಗೆ, ಈ ಎಲೆಯನ್ನು ಪುಡಿಮಾಡಿ ಹೊಗೆಸೊಪ್ಪಿಗೆ ಬೆರೆಸಿ ನಶ್ಯ ಮಾಡುತ್ತಿದ್ದರಂತೆ. ಅಜ್ಜನಿಗೆ ಗೊತ್ತಿದ್ದರೆ ಹಿಮಾಲಯಕ್ಕೇ ಹೊರಟುಬಿಡುತ್ತಿದ್ದರು. ಸದ್ಯ, ಗೊತ್ತಿರಲಿಲ್ಲ. ರೊಡೊಡೆಂಡ್ರಾನ್‌ಗಳಲ್ಲಿ ಸಾಮಾನ್ಯವಾಗಿ ವಿಷವಿರುತ್ತದೆ, ತಿಂದ ಆಡು ಕುರಿಗಳು ನರಳುತ್ತವೆ.

ಇದೇ ಎತ್ತರದ ಭೂರ್ಜ ಮರಕ್ಕೆ ಈ ತಾಪತ್ರಯವೇ ಇಲ್ಲ. ಚಳಿ ಬಂದೊಡನೆ ಎಲೆಗಳನ್ನೆಲ್ಲ ಉದುರಿಸಿ ಕೈತೊಳೆದುಕೊಳ್ಳುತ್ತದೆ. ಆದರೂ ತೊಗಟೆಯ ಮೇಲೆ ಗ್ರಂಥ ಬರೆಸಿಕೊಂಡ ಕೀರ್ತಿ ಅದಕ್ಕೇ. ನನ್ನ ಒಲವು ಈ ಪೊದೆಯ ಕಡೆಗೆ. ಹಿಮದ ಭಾರಕ್ಕೆ ಕೊಂಬೆ ನೆಲಕ್ಕೆ ಬಾಗಿದರೂ ಎಲೆಯನ್ನು ಬಿಟ್ಟುಕೊಡುವುದಿಲ್ಲ.

ಮೇಲೆ ಹೋದರೆ ಗುಡಿಯ ಬಾಗಿಲು ಹಾಕಿತ್ತು. ತುಂಗನಾಥನ ಉತ್ಸವಮೂರ್ತಿ ಚಳಿಗಾಲ ಕಳೆಯಲು ಕೆಳಗಿನ ಮಕ್ಕುಮಠಕ್ಕೆ ಇಳಿದಿತ್ತು. ದೇವರೇ ಇಳಿದುಹೋಗುವ ಚಳಿ!

ಹಿಂದಿರುಗುವಾಗ ಅದೇ ಪೊದೆಯ ಬಳಿ ಮತ್ತೆ ಕುಳಿತೆ. ಬಿಸಿಲೇರಿತ್ತು. ಬೆಳಗ್ಗೆ ಸುರುಳಿಯಾಗಿದ್ದ ಎಲೆಗಳು ಅರೆಬರೆ ಬಿಚ್ಚಿಕೊಂಡಿದ್ದವು. ನಾನೂ ಒಂದು ಸ್ವೆಟರ್ ಕಳಚಿದೆ.